ಬೊನಿಫಾಸ್ ಮಾಸ್ಟರ್ ಮೆಚ್ಚಿದ ಮೌನ

ತನ್ನ ಸ್ಯಾಕ್ಸೊಫೋನಿಗೆ ತನ್ನದೇ ಅನ್ನುವ ದನಿ ಇಲ್ಲವೇ ಇಲ್ಲವೆಂಬ ಚಿಂತೆಯನ್ನು ಹರಿಣಿ ಡೈರಿಗೆ ಮಾತ್ರ ಹೇಳಿಕೊಂಡಿದ್ದಳು. ಜಾಝ್ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಆಯ್ಕೆಗೆ ಬಂದವರು ಮೂವರು. ಹುಡುಗರಿಬ್ಬರೂ ಎಡೆಬಿಡದೆ ಪ್ರೆಷರ್ ಕುಕ್ಕರಿನಂತೆ ಊದಿ ಗೋಡೆಯ ಸುಣ್ಣ ಉದುರಿಸಿದರು. ಕೊನೆಗೆ ಹರಿಣಿ ಊದಿದಳು. ಟ್ಯೂನಿನ ಉದ್ದನೆಯ ಸಾಲಿನ ನಡುವೆ ಒಮ್ಮೆಲೇ ನಿಂತಳು, ಮತ್ತೆ ಊದಿದಳು, ಮತ್ತೆ ನಿಂತಳು.

ತಂಡದ ಯಜಮಾನ ಬೊನಿಫಾಸ್ ಮಾಸ್ಟರ್ ಕಣ್ಣೊರೆಸಿಕೊಂಡರು.

“ಕೇಳಿಸ್ಕೊಂಡ್ರೇನ್ರೋ ಆ ಮೌನಾನ? ಸ್ವಂತ ದನಿ ಅಂದ್ರೆ ಇದು ಕಣ್ರೋ!”

“ಮೌನಾನಾ ಸಾರ್? ಅದನ್ನ ನಾವೂ ಊದ್ತಿದ್ವಲ್ಲ,” ಅಂದ ಹುಡುಗರಲ್ಲೊಬ್ಬ.

“ಬಾಯ್ಮುಚ್ಚೋ! ಅದು ಧ್ಯಾನ. ನನಗೇ ಅರವತ್ತು ದಾಟಿದ ಮೇಲೆ ಸಿದ್ಧಿಸಿದ್ದು.” ಮಾಸ್ಟರ್ ಹರಿಣಿಯತ್ತ ತಿರುಗಿದರು. “ಈ ವಯಸ್ಸಿಗೇ ನಿನಗೆ ಹೆಂಗಮ್ಮಾ ಬಂತು?”

ಧ್ಯಾನ ಅಂದುಬಿಟ್ಟರೆ ಜಾಗ ಅವಳದೇ. ಹರಿಣಿ ನೆಲ ನೋಡಿದಳು, ಮಾಸ್ಟರ ಬೂಟು ನೋಡಿದಳು, ಕೊನೆಗೆ ತಲೆಯೆತ್ತಿ ಬಾಯಿಬಿಟ್ಟಳು.

“ಉಸಿರು ಸಾಲಲಿಲ್ಲ ಸಾರ್. ನಿಮಗೂ ಅಷ್ಟೇನಾ?”