ಎರಡು ಖಾನೆಯ ಫ್ರಿಜ್

ಕಾಡಿಗೆ ಕ್ಯಾಂಪಿಂಗ್ ಹೋಗುವ ಎಲೆಕ್ಟ್ರಿಕ್ ಟ್ರಕ್ಕಿಗೆ ಪುಟ್ಟ ಫ್ರಿಜ್ ಕೊಳ್ಳಲು ಹೋದ ಯಜಮಾನರು ಡ್ರೈವರ್ ಪುಟ್ಟಮಾದುವನ್ನೂ ಅಂಗಡಿಯೊಳಕ್ಕೆ ಕರೆದರು.

"ಒಂದೇ ಖಾನೇದು ಸಾಕು ಸಾರ್. ಎರಡು ಖಾನೇದು ಬ್ಯಾಟರಿ ನುಂಗಿಬಿಡುತ್ತೆ," ಎಂದ ಅಂಗಡಿಯವನು.

"ನುಂಗ್ಲಿ ಬಿಡಿ. ಹೋದ್ಸಲ ಪಾಪ, ಇವನು ಬಿಸಿಲಲ್ಲಿ ಕಾದ ನೀರೇ ಕುಡಿದ. ಇವನಿಗೂ ಒಂದು ಖಾನೆ ಇರ್ಲಿ."

ಇಷ್ಟು ದಿನ ಸ್ಟಿಯರಿಂಗ್ ಹಿಡಿದು ಒಳಗೊಳಗೇ ಹಲ್ಲು ಕಡಿಯುತ್ತಿದ್ದ ಪುಟ್ಟಮಾದುವಿಗೆ ನಾಚಿಕೆಯಾಯಿತು. ಈ ಮನುಷ್ಯನನ್ನೇ ಅಲ್ಲವೇ ತಾನು ಬಾಯಿಗೆ ಬಂದಂತೆ ಬೈದುಕೊಂಡಿದ್ದು?

"ನನಗೋಸ್ಕರ ಯಾಕೆ ಬುದ್ಧಿ ಇಷ್ಟೊಂದು? ಒಂದೇ ಖಾನೇಲಿ, ಒಂದು ಮೂಲೇಲಿ ನನ್ ಬಾಟ್ಲೀನೂ ಹಿಡೀತದೆ."

ಯಜಮಾನರು ನಕ್ಕರು.

"ಹಿಡಿಯುತ್ತೆ ಕಣೋ. ಆದ್ರೆ ನಿನ್ ಬಾಟ್ಲಿ ಪಕ್ಕ ಇಟ್ಟಿದ್ದನ್ನ ನಾವು ಕುಡಿಯೋ ಹಂಗಿಲ್ವಲ್ಲ."