ಉಂಡ ಮೇಲೆ ಕೊಟ್ಟ ತಂತಿ

ತಂತಿ ಬಂದದ್ದು ಹನ್ನೊಂದು ಗಂಟೆಗೆ. ಅದು ಮಾರ್ಗಿಟ್‌ಳ ಕೈ ಸೇರಿದ್ದು ಎರಡೂವರೆಗೆ. ನಡುವಿನ ಮೂರೂವರೆ ತಾಸು ಅಡುಗೆಯ ಕಾಶೆವ್ವನ ಉಡಿಯಲ್ಲಿ ಬೆಚ್ಚಗಿತ್ತು.

ಮಾರ್ಗಿಟ್ ಡೆನ್ಮಾರ್ಕಿನ ನರ್ಸು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಕ್ಷಯದವರನ್ನು ನೋಡಿಕೊಳ್ಳಲೆಂದು ಆ ದೇಶದ ನೆರವಿನ ಸಂಸ್ಥೆಯೊಂದು ಅವಳನ್ನು ಕಳಿಸಿತ್ತು. ಐದು ವಾರದ ಹಿಂದೆ ಅವಳ ತಂದೆಗೆ ಹೊಟ್ಟೆಯ ಆಪರೇಶನ್ ಎಂದು ಮನೆಯಿಂದ ಕಾಗದ ಬಂದಿತ್ತು. ಆಮೇಲೆ ಸುದ್ದಿಯೇ ಇಲ್ಲ. ದಿನಾ ಸಂಜೆ ಅವಳು ಪೋಸ್ಟಿಗೆ ಹೋಗಿ ಬರಿಗೈಯಲ್ಲಿ ಬರುವುದನ್ನು ಇಡೀ ಪೇಟೆ ನೋಡಿ ಮರುಗಿತ್ತು. ಹೀಗಾಗಿ ಟಪಾಲಿನ ಉಳವಪ್ಪ ತಂತಿ ಹಿಡಿದು ಬಾಗಿಲಿಗೆ ಬಂದಾಗ ಕಾಶೆವ್ವನ ಎದೆ ಧಸಕ್ಕೆಂದಿತು.

"ಪೋಸ್ಟ್ ಮಾಸ್ತರು ಏನಂದ್ರು?"

"ಏನೂ ಅನ್ಲಿಲ್ಲವಾ. ಸುಮ್ಮನ ಲಕೋಟೆದಾಗ ಹಾಕಿ ಕೊಟ್ರು. ಹನ್ನೆರಡು ವರ್ಷಾತು ನಾ ತಂತಿ ಹಂಚಾಕ ಹತ್ತಿ. ಒಳ್ಳೇ ಸುದ್ದಿ ಆದ್ರ ಮಂದಿ ಕಾರ್ಡ್ ಬರೀತಾರ."

ಕಾಶೆವ್ವ ಹೆಬ್ಬೆಟ್ಟು ಒತ್ತಿ ಲಕೋಟೆ ತೆಗೆದುಕೊಂಡಳು. "ಬಾಯಾರು ಮುಂಜಾನಿ ಬರೇ ಚಾ ಕುಡದು ಹೋಗ್ಯಾರ. ಇದನ್ನ ನೋಡಿದ್ರ ಇವತ್ತೂ ಉಣ್ಣೂದಿಲ್ಲ, ನಾಳೀನೂ ಉಣ್ಣೂದಿಲ್ಲ. ಮೊದಲ ಹೊಟ್ಟಿಗೆ ಹಾಕೂಣು, ಆಮ್ಯಾಲೆ ಕೊಡೂಣು."

ಉಳವಪ್ಪನಿಗೂ ಅದೇ ಸರಿ ಎನಿಸಿತು. ಬೇಗ ಬೇಗ ಟಪಾಲು ಹಂಚಿ ಬಂದು ಕಟ್ಟೆಯ ಮೇಲೆ ಕುಳಿತ. ಔಷಧಿ ಪೆಟ್ಟಿಗೆ ತರಲು ಹುಬ್ಬಳ್ಳಿಗೆ ಹೊರಟು ನಿಂತಿದ್ದ ಡ್ರೈವರ್ ಸಾತಪ್ಪನೂ ಸುದ್ದಿ ಕೇಳಿ ಜೀಪಿನಿಂದ ಇಳಿದ. ಬಾಯಾರು ಊರಿಗೆ ಹೊರಟರೆ ಗಾಡಿ ಬೇಕಲ್ಲ!

ಹನ್ನೆರಡೂವರೆಗೆ ಕ್ಯಾಂಪಿನಿಂದ ಸೈಕಲ್ ತುಳಿದು ಬಂದ ಮಾರ್ಗಿಟ್ ಜೀಪನ್ನು ಕಂಡು ಕೆಂಡವಾದಳು. ಯಾವುದೋ ಅರ್ಜಿಯ ಇನ್ನೊಂದು ಪ್ರತಿ ಬೇಕೆಂದು ಆ ಪೆಟ್ಟಿಗೆಗಳು ಒಂದು ತಿಂಗಳಿಂದ ಹುಬ್ಬಳ್ಳಿಯಲ್ಲಿ ಬಿದ್ದಿದ್ದವು. ಆ ಪ್ರತಿ ಸಿಕ್ಕದ್ದು ನಿನ್ನೆ. ಇವತ್ತು ನೋಡಿದರೆ ಡ್ರೈವರ್ ಕಟ್ಟೆಯ ಮೇಲೆ!

"ಹುಬ್ಬಳ್ಳಿಗೆ ಯಾಕ ಹೋಗಲಿಲ್ಲ?" ಕಾಶೆವ್ವನಿಂದ ಕಲಿತ ಕನ್ನಡ ಅವಳದು, ಸಿಟ್ಟು ಬಂದಾಗ ತಡವರಿಸದೆ ಬರುತ್ತಿತ್ತು.

"ಗಾಡಿ ಸುರು ಆಗವಲ್ದುರಿ."

"ಮುಂಜಾನಿ ಆಗಿತ್ತಲ್ಲ?"

"ಮುಂಜಾನಿ ಆಗಿತ್ರಿ," ಎಂದು ಸಾತಪ್ಪ ನೆಲ ನೋಡಿದ.

ಅವಳು ಉಳವಪ್ಪನ ಕಡೆ ತಿರುಗಿದಳು. "ನನಗ ಕಾಗದ ಐತೇನು?"

"ಕಾಗದ ಇಲ್ರಿ ಬಾಯಾರ," ಎಂದ ಉಳವಪ್ಪ. ಅದೇನೂ ಸುಳ್ಳಲ್ಲ.

ತಟ್ಟೆ ಎರಡು ಸಲ ಕೋಣೆಗೆ ಹೋಗಿ ಹಾಗೆಯೇ ಹಿಂದಕ್ಕೆ ಬಂತು. ಅವಳಿಗೆ ಹಸಿವಿಲ್ಲ, ಸಂಸ್ಥೆಯ ದೊಡ್ಡವರಿಗೆ ಉದ್ದ ದೂರು ಬರೆಯಬೇಕಿತ್ತು. ಕಾಶೆವ್ವ ಬಾಗಿಲಿಗೆ ಅಡ್ಡ ನಿಂತು "ಮೊದಲ ಉಣ್ರಿ" ಎಂದಳು, ಮತ್ತೆ ಅಂದಳು, ಇನ್ನೊಮ್ಮೆ ಅಂದಳು. ಕಾಟ ತಾಳದೆ ಎರಡು ಗಂಟೆಗೆ ಮಾರ್ಗಿಟ್ ಅಡುಗೆಮನೆಗೆ ಬಂದು ಕುಳಿತಳು. ಬದನೆಕಾಯಿ ಪಲ್ಯ, ರೊಟ್ಟಿ, ಮೇಲೆ ಮೊಸರನ್ನ. ಸಾಕೆಂದಷ್ಟೂ ಬಡಿಸಿದಳು ಆ ಪುಣ್ಯಾತಗಿತ್ತಿ.

"ಈ ಊರಾಗ ಒಂದು ಕೆಲಸಾನೂ ಹೊತ್ತಿಗೆ ಆಗೂದಿಲ್ಲ," ಎಂದು ಗೊಣಗುತ್ತಲೇ ಮಾರ್ಗಿಟ್ ಕೈ ತೊಳೆದಳು. "ಊಟ ಒಂದ ಆಗತೈತಿ!"

ಕಾಶೆವ್ವ ಉಡಿಯಿಂದ ಲಕೋಟೆ ತೆಗೆದು ಕೊಟ್ಟಳು. ಹೊರಗೆ ಉಳವಪ್ಪ ಎದ್ದು ನಿಂತ.

ಮಾರ್ಗಿಟ್ ಬಿಳಿಚಿಕೊಂಡಳು. ಹರಿದು ಓದಿದಳು. ಇನ್ನೊಮ್ಮೆ ಓದಿದಳು. ಗೋಡೆಗೆ ಆತುಕೊಂಡು ಹಾಗೆಯೇ ಕುಸಿದು ಮುಖ ಮುಚ್ಚಿಕೊಂಡಳು. "ಅಯ್ಯೋ ನನ್ನ ತಾಯೀ!" ಎಂದು ಕಾಶೆವ್ವ ಅವಳನ್ನು ತಬ್ಬಿಕೊಂಡು ದನಿ ತೆಗೆದು ಅಳತೊಡಗಿದಳು. ಅಂಗಳದಲ್ಲಿ ಸಾತಪ್ಪನ ಜೀಪು ಒಂದೇ ಸಲಕ್ಕೆ ಸುರುವಾಯಿತು.

"ಕಾಶೆವ್ವಾ, ಅಳಬ್ಯಾಡ್ರಿ!" ಮಾರ್ಗಿಟ್ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ನಮ್ಮಪ್ಪ ಆರಾಮ ಅದಾನ. ಮನಿಗೆ ಬಂದಾನ. ಅಡ್ಡಾಡ್ತಾನ!"

ಐದು ವಾರದ ಭಾರ ಒಮ್ಮೆಲೇ ಇಳಿದು ಅವಳಿಗೆ ಮೈಯೆಲ್ಲ ಹಗುರಾಯಿತು. ಬಾಗಿಲಲ್ಲಿ ನಿಂತ ಉಳವಪ್ಪ ಕಣ್ಣೊರೆಸಿಕೊಂಡ. ಆಗಲೇ ಮಾರ್ಗಿಟ್‌ಗೆ ಮುದ್ದೆಯಾಗಿ ಬೆವರಿಗೆ ಒದ್ದೆಯಾದ ಲಕೋಟೆ ಕಂಡದ್ದು.

"ಯಾವಾಗ ಬಂತು ಇದು?"

"ಹನ್ನೊಂದಕ್ಕ ರೀ."

ಬೈಯಬೇಕೆಂದು ಬಾಯಿ ತೆಗೆದಳು. ಆದರೆ ಬಂದದ್ದು ನಗು. "ಬರ್ರಿ, ಎಲ್ಲಾರೂ ಚಾ ಕುಡಿಯೂಣು."

"ಚಾ ಆಮ್ಯಾಲೆ ರೀ," ಎಂದಳು ಕಾಶೆವ್ವ. "ಬಾ ಉಳವಪ್ಪಾ, ಸಾತಪ್ಪಗೂ ಒದರು."

ಮೂವರೂ ಸಾಲಾಗಿ ಕುಳಿತು ಉಣ್ಣತೊಡಗಿದರು. ಬುಟ್ಟಿಯ ರೊಟ್ಟಿ ನೋಡನೋಡುತ್ತಲೇ ಖಾಲಿಯಾಯಿತು.

"ನೀವ್ಯಾರೂ ಉಂಡಿರಲಿಲ್ಲೇನು?" ಮಾರ್ಗಿಟ್ ಬೆರಗಾಗಿ ಕೇಳಿದಳು.

"ನಿಮಗ ಗೊತ್ತಿರಲಿಲ್ಲ, ನೀವು ಉಂಡ್ರಿ," ಎಂದಳು ಕಾಶೆವ್ವ, ಅನ್ನ ಕಲಸುತ್ತ. "ನಮಗ ಗೊತ್ತಿತ್ತಲ್ರಿ. ಹಿರ್‍ಯಾರು ಹೋಗ್ಯಾರಂತ ತಿಳಿದ ಮ್ಯಾಲೆ ತುತ್ತು ಹೆಂಗ ಇಳಿತೈತ್ರಿ?"