ಜೋಡಿಯ ದಾಖಲೆ

ಗದಿಗೆಮ್ಮ ಮೂರು ಸಲ ಹೆಬ್ಬೆರಳು ಒತ್ತಿದರೂ ಹಾಜರಿಯ ಯಂತ್ರ ಅವಳನ್ನು ಗುರುತಿಸಲಿಲ್ಲ. ಮಿಯಾಪುರದಲ್ಲಿ ಕಟ್ಟುತ್ತಿದ್ದ ಹೊಸ ಅಪಾರ್ಟ್‌ಮೆಂಟಿನ ಗೇಟು ತೆರೆಯಲಿಲ್ಲ.

"ಸಿಸ್ಟಂನಾಗ ನಿನ್ನ ಹೆಸರ ಇಲ್ಲವ್ವಾ. ಹೊಸದಾಗಿ ಬರಸು, ಹೆಲ್ಪರ್ ಅಂತ," ಎಂದ ಸೂಪರ್‌ವೈಸರ್ ಆನಂದಕುಮಾರ.

"ಹೆಲ್ಪರ್? ಆರು ವರ್ಷದಿಂದ ಗಿಲಾವು ಮಾಡಾಕತ್ತೀನ್ರಿ! ನಾ ಬಳದ ಗ್ವಾಡಿ ಮ್ಯಾಲ ಕೈ ಆಡಿಸಿ ನೋಡ್ರಿ, ನೊಣ ಕುಂತ್ರ ಜಾರತೈತಿ."

ಆ ಯಂತ್ರದ ಸಾಫ್ಟ್‌ವೇರ್ ಬರೆದ ಶಾಂಭವಿ ಅವತ್ತು ಅಲ್ಲೇ ಇದ್ದಳು. ಲ್ಯಾಪ್‌ಟಾಪ್ ತೆರೆದು ನೋಡಿದವಳಿಗೆ ಕಾರಣ ಒಂದೇ ನಿಮಿಷದಲ್ಲಿ ಸಿಕ್ಕಿತು, ಮುಖ ಸಪ್ಪಗಾಯಿತು. ಕಟ್ಟಡದ ಕೆಲಸಕ್ಕೆ ಗಂಡ ಹೆಂಡಿರು ಜೋಡಿಯಾಗಿಯೇ ಬರುತ್ತಾರೆಂದು ಅವಳು ಜೋಡಿಗೊಂದೇ ದಾಖಲೆ ಮಾಡಿದ್ದಳು. ಗಂಡನ ದಾಖಲೆ, ಅದರೊಳಗೆ ಹೆಂಡತಿ. ಒಂದು ಸಲ ಹುಡುಕಿದರೆ ಇಬ್ಬರೂ ಸಿಗುತ್ತಾರೆ, ಭಾಳ ಚುರುಕು ಎಂದು ಆಫೀಸಿನಲ್ಲಿ ಶಭಾಷ್‌ಗಿರಿಯನ್ನೂ ಪಡೆದಿದ್ದಳು. ಗದಿಗೆಮ್ಮನ ಗಂಡ ಮೌನಪ್ಪ ಕಾಲು ಉಳುಕಿಸಿಕೊಂಡು ಊರಿಗೆ ಹೋಗಿದ್ದ. ಅವನು ಕೆಲಸ ಬಿಟ್ಟನೆಂದು ನಿನ್ನೆ ಆನಂದಕುಮಾರ ಅವನ ದಾಖಲೆ ಅಳಿಸಿದ್ದ.

"ನಿಮ್ಮನ್ನ ನಿಮ್ಮ ಯಜಮಾನರ ದಾಖಲೆ ಒಳಗ ಇಟ್ಟಿದ್ದೆ ಅಕ್ಕಾ. ಅದು ಹೋದ ಕೂಡಲೆ ನೀವೂ ಹೋದ್ರಿ," ಎಂದಳು ಶಾಂಭವಿ.

"ಅವನ ಒಳಗ? ನಾ ಏನು ಅಂವ ತಿಂದ ರೊಟ್ಟಿ ಏನ್ರಿ ಬಾಯಾರ?"

ಸಾಲಿನಲ್ಲಿ ನಿಂತವರು ನಕ್ಕರು. ಆನಂದಕುಮಾರ ಮಾತ್ರ ತಲೆ ಕೆರೆದುಕೊಂಡ. "ಬ್ಯಾರೆ ಬ್ಯಾರೆ ಇಟ್ರ ಯಾರು ಯಾರ ಜೋಡಿ ಅಂತ ಹ್ಯಾಂಗ ಗೊತ್ತಾಗಬೇಕು?"

"ನನ್ನ ಫೋನಿನಾಗ ಅವನ ನಂಬರ್ ಐತಿ, ಅವನ ಫೋನಿನಾಗ ನಂದೈತಿ. ಸಾಲದೇನ್ರಿ?"

ಶಾಂಭವಿಯ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ತಿಂಗಳುಗಟ್ಟಲೆ ಮೀಟಿಂಗಿನಲ್ಲಿ ಯಾರಿಗೂ ಹೊಳೆಯದ್ದು ಇಷ್ಟೇ: ಇಬ್ಬರಿಗೂ ಅವರವರ ದಾಖಲೆ, ಒಬ್ಬರಲ್ಲಿ ಇನ್ನೊಬ್ಬರ ನಂಬರು. ಅವಳು ಅಳಿಸುವ ಮುಂಚೆ ಉಳಿದಿದ್ದ ಮೊನ್ನೆಯ ಪ್ರತಿಯನ್ನು ಹೊರತೆಗೆದು ಅಲ್ಲೇ ಕೂತು ಅವರಿಬ್ಬರನ್ನು ಬೇರೆ ಮಾಡಿದಳು. ಉಳಿದ ಜೋಡಿಗಳ ಸರದಿ ಸಂಜೆಯೊಳಗೆ.

"ನಂದು ಓದ್ರಿ," ಎಂದಳು ಅಕ್ಷರ ಬಾರದ ಗದಿಗೆಮ್ಮ.

"ಗದಿಗೆಮ್ಮ. ಗಿಲಾವು ಮೇಸ್ತ್ರಿ. ಆರು ವರ್ಷ."

"ಅವಂದು?"

"ಮೌನಪ್ಪ. ಇಟ್ಟಂಗಿ ಹೊರೋರು. ರಜಾದಾಗ ಅದಾರ. ಗದಿಗೆಮ್ಮನ ಗಂಡ."

ಗದಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ನಿಂತಳು.

"ಕಡೀ ಮಾತು ಇನ್ನೊಮ್ಮೆ ಓದ್ರಿ ಬಾಯಾರ. ಜೋರಾಗಿ. ಹಿಂದ ನಿಂತವರಿಗೂ ಕೇಳ್ಲಿ."